ಬಾರದ ಮ್ಯಾಗ್ನೆಟ್ಟಿಗೆ ಬಳಿದ ಗಾರೆ: ಒಂದು ಪ್ರಕರಣ ಅಧ್ಯಯನ

ನಾನು ಪೇಂಟ್ ಶಾಪಿನವನು. ಯುದ್ಧ, ಟ್ಯಾಂಕು ಅಂದರೆ ಹುಚ್ಚು ಹತ್ತಿಸಿಕೊಂಡವನಲ್ಲ. ಆದರೂ ನಮ್ಮಲ್ಲಿ ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೇಳುವುದು ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ ಕಥೆ. ಮ್ಯಾಗ್ನೆಟ್ಟಿನಿಂದ ಅಂಟುವ ಶತ್ರುವಿನ ಬಾಂಬು ಹಿಡಿಯದಿರಲಿ ಅಂತ ಅದರ ಮೈಗೆ ಗಾರೆಯಂಥ ಲೇಪ ಬಳಿದರು. ಕೋಟಿಂಗ್ ಹೇಗೆ ಹಚ್ಚಬೇಕು ಅಂತ ಕಲಿಸೋದು ಸುಲಭ. ಯಾಕೆ ಹಚ್ಚುತ್ತಿದ್ದೀವಿ, ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಕಲಿಸೋದು ಕಷ್ಟ. ಅದಕ್ಕೆ ಈ ಪ್ರಕರಣದಷ್ಟು ಒಳ್ಳೆ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

ಇದರಲ್ಲಿ ಮನುಷ್ಯರ ಹೆಸರುಗಳನ್ನು ಬಿಟ್ಟಿದ್ದೇನೆ. ಆದೇಶಕ್ಕೆ ಸಹಿ ಹಾಕಿದವರು, ಅದನ್ನು ರದ್ದು ಮಾಡಿದವರು, ಕರಣೆ ಹಿಡಿದು ಲೇಪ ಬಳಿದವರು ಎಲ್ಲರೂ ಇಲ್ಲಿ ಇಲಾಖೆ, ಕಾರ್ಖಾನೆ, ಸಿಬ್ಬಂದಿ ಅಷ್ಟೇ. ಯಾರು ತಪ್ಪಿದರು ಅನ್ನೋದಕ್ಕಿಂತ ನಿರ್ಧಾರ ಎಲ್ಲಿ ತಿರುಗಿತು ಅನ್ನೋದು ಮುಖ್ಯ. ಲೇಪ ತಯಾರಿಸಿದ ಬರ್ಲಿನ್ನಿನ ರಾಸಾಯನಿಕ ಕಂಪನಿಯನ್ನು ಮಾತ್ರ ಬಚ್ಚಿಡೋಕೆ ಆಗಲ್ಲ. ಅದರ ಹೆಸರೇ ಲೇಪಕ್ಕೂ ಅಂಟಿಕೊಂಡಿದೆ: ಜಿಮ್ಮರಿಟ್.

ತಾವೇ ಮಾಡಿದ ಆಯುಧ

1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಒಳಗೆ ನುಗ್ಗಿತು. ಅಲ್ಲಿ ಟಿ-34, ಕೆವಿ ಟ್ಯಾಂಕುಗಳು ಎದುರಾದವು. ಜರ್ಮನ್ ಕಾಲಾಳುಗಳ ಕೈಯಲ್ಲಿದ್ದದ್ದು ಹೆಚ್ಚಾಗಿ 37 ಮಿಲಿಮೀಟರಿನ ಸಣ್ಣ ತೋಪು. ಅದರ ಗುಂಡು ಈ ಟ್ಯಾಂಕುಗಳ ಮುಂಭಾಗಕ್ಕೆ ಬಡಿದು ಪುಟಿದು ಬೀಳುತ್ತಿತ್ತು. ಸೈನಿಕರು ಅದಕ್ಕೆ 'ಸೈನ್ಯದ ಬಾಗಿಲು ತಟ್ಟುವ ಯಂತ್ರ' ಅಂತ ಅಡ್ಡಹೆಸರು ಇಟ್ಟರು. ತಟ್ಟುತ್ತದೆ, ಒಳಗೆ ಹೋಗಲ್ಲ.

ಹಾಗಾದರೆ ಒಬ್ಬ ಕಾಲಾಳು ಟ್ಯಾಂಕನ್ನು ನಿಲ್ಲಿಸೋದು ಹೇಗೆ? ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು 1942ರ ಕೊನೆಯಲ್ಲಿ ಬಂದ ಮ್ಯಾಗ್ನೆಟ್ ಮೈನ್. ನೋಡೋಕೆ ದೊಡ್ಡ ಆಲಿಕೆಯನ್ನು ಬೋರಲು ಹಾಕಿದ ಹಾಗಿತ್ತು. ಬುಡದಲ್ಲಿ ಮೂರು ಜೋಡಿ ಬಲವಾದ ಆಯಸ್ಕಾಂತ. ತೂಕ ಸುಮಾರು 3 ಕೆ.ಜಿ. ಒಳಗೆ ಟೊಳ್ಳು ಬಿಟ್ಟು ತುಂಬಿದ ಸಿಡಿಮದ್ದು. ಸಿಡಿದಾಗ ಆ ಟೊಳ್ಳಿನ ಒಳಪದರದ ಲೋಹ ಸೂಜಿಯಂಥ ಧಾರೆಯಾಗಿ ಮುಂದಕ್ಕೆ ಚಿಮ್ಮುತ್ತದೆ. ಸುಮಾರು 140 ಮಿಲಿಮೀಟರ್ ದಪ್ಪದ ಉಕ್ಕನ್ನು ತೂರಿಕೊಂಡು ಹೋಗುತ್ತಿತ್ತು. ಆ ಕಾಲದ ಯಾವ ಟ್ಯಾಂಕಿನ ಪಕ್ಕದ ತಗಡೂ ಅಷ್ಟು ದಪ್ಪ ಇರಲಿಲ್ಲ.

ಆಯುಧ ಬಲವಾದದ್ದೇ. ಬಳಸುವವನ ಪಾಡು ಮಾತ್ರ ಕೇಳಬೇಡಿ. ಗುಂಡಿಯಲ್ಲಿ ಅಡಗಿ ಕೂರಬೇಕು. ಟ್ಯಾಂಕು ಪಕ್ಕಕ್ಕೆ ಬರುವ ತನಕ ಉಸಿರು ಬಿಗಿ ಹಿಡಿಯಬೇಕು. ಎದ್ದು ಓಡಿ, ಕೈಯಾರೆ ಅದರ ಮೈಗೆ ಮೈನನ್ನು ಅಂಟಿಸಿ, ದಾರ ಎಳೆದು ಓಡಿಬರಬೇಕು. ಮೊದಮೊದಲು ಓಡೋಕೆ ಸಿಗುತ್ತಿದ್ದದ್ದು ನಾಲ್ಕೂವರೆ ಸೆಕೆಂಡು. ಆಮೇಲೆ ಅದನ್ನು ಏಳೂವರೆಗೆ ಏರಿಸಿದರು. ಮೂರು ಸೆಕೆಂಡು ಜಾಸ್ತಿ ಕೊಟ್ಟಿದ್ದಕ್ಕೆ ಎಷ್ಟು ಜನ ಉಳಿದಿರಬಹುದು ಅಂತ ನಾನು ಒಮ್ಮೊಮ್ಮೆ ಯೋಚಿಸುತ್ತೇನೆ. ಇಂಥವನ್ನು ಜರ್ಮನಿ 5.5 ಲಕ್ಷಕ್ಕೂ ಹೆಚ್ಚು ತಯಾರಿಸಿತು.

ಈ ಪ್ರಕರಣದ ಮೊದಲ ತಿರುವು ಇಲ್ಲೇ. ಆಯುಧ ಚೆನ್ನಾಗಿದೆ ಅಂತ ಗೊತ್ತಾದ ಕೂಡಲೇ ಇಲಾಖೆಗೆ ಇನ್ನೊಂದು ಯೋಚನೆ ಹೊಳೆಯಿತು. ಇಷ್ಟು ಸರಳವಾದದ್ದನ್ನು ನಾವು ಮಾಡಿದ್ದೇವೆ ಅಂದಮೇಲೆ ಅವರೂ ಮಾಡುತ್ತಾರೆ ಅಲ್ವಾ? ನಾಳೆ ಸೋವಿಯತ್ ಸೈನಿಕ ಇದೇ ಥರದ್ದನ್ನು ಹಿಡಿದು ನಮ್ಮ ಟ್ಯಾಂಕಿನ ಪಕ್ಕಕ್ಕೆ ಬಂದರೆ?

ಈ ಪ್ರಶ್ನೆ ತಪ್ಪಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಯುದ್ಧಭೂಮಿಯಲ್ಲಿ ಒಬ್ಬರ ಆಯುಧ ಇನ್ನೊಬ್ಬರ ಕೈಗೆ ಸಿಗೋದು ದಿನನಿತ್ಯದ ಮಾತು. ಆದರೆ ಆ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನು ಕೇಳಬೇಕಿತ್ತು: ಅವರು ಈಗ ನಿಜವಾಗಿ ಏನು ಬಳಸುತ್ತಿದ್ದಾರೆ?

ಸೋವಿಯತ್ ಕಾಲಾಳುಗಳು ಬಳಸುತ್ತಿದ್ದದ್ದು 14.5 ಮಿಲಿಮೀಟರಿನ ಉದ್ದ ಕೊಳವೆಯ ಟ್ಯಾಂಕ್ ನಿರೋಧಕ ಬಂದೂಕು, ಪೆಟ್ರೋಲ್ ಬಾಟಲಿ, ಮತ್ತೆ ಎಸೆಯುವ ಗ್ರೆನೇಡ್. 1943ರಲ್ಲಿ ಅವರಿಗೂ ಟೊಳ್ಳು ಸಿಡಿಮದ್ದಿನ ಗ್ರೆನೇಡ್ ಬಂತು. ಅದನ್ನೂ ಎಸೆಯಬೇಕು. ಹಿಂದೆ ಬಟ್ಟೆಯ ಬಾಲ ಬಿಚ್ಚಿಕೊಂಡು ಹಾರುತ್ತದೆ, ತಗುಲಿದ ಕ್ಷಣವೇ ಸಿಡಿಯುತ್ತದೆ. ಅಂಟಿಕೊಳ್ಳುವ ಕೆಲಸವೇ ಇಲ್ಲ.

ಗಾರೆ ಕೆಲಸ

1943ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಕಾರ್ಖಾನೆಯಿಂದ ಹೊರಬೀಳುವ ಟ್ಯಾಂಕುಗಳಿಗೆ ಜಿಮ್ಮರಿಟ್ ಬಳಿಯುವುದು ಶುರುವಾಯಿತು. ಆಗಲೇ ಕ್ಷೇತ್ರದಲ್ಲಿದ್ದವಕ್ಕೂ ಹಚ್ಚಬೇಕು ಅಂತ ಸೂಚನೆ ಹೋಯಿತು.

ಲೇಪದ ಪಾಕ ನಮ್ಮ ಕೆಲಸದವರಿಗೆ ತುಂಬ ಪರಿಚಿತ ಅನ್ನಿಸುತ್ತದೆ. ನೂರರಲ್ಲಿ 40 ಪಾಲು ಬೇರಿಯಂ ಸಲ್ಫೇಟ್. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ಕುಡಿಸುವ ಬಿಳಿ ದ್ರವದಲ್ಲಿ ಇರೋದು ಇದೇ. 25 ಪಾಲು ಪಾಲಿವಿನೈಲ್ ಅಸಿಟೇಟ್, ಅಂದರೆ ಬಡಗಿಗಳ ಬಿಳಿ ಅಂಟಿನ ಮೂಲವಸ್ತು. 15 ಪಾಲು ಹಳದಿ ಮಣ್ಣಿನ ಬಣ್ಣ. 10 ಪಾಲು ಜಿಂಕ್ ಸಲ್ಫೈಡ್. ಉಳಿದ 10 ಪಾಲು ಮರದ ಹೊಟ್ಟು. ಬೇರಿಯಂ ಸಲ್ಫೇಟೂ ಜಿಂಕ್ ಸಲ್ಫೈಡೂ ಸೇರಿದರೆ ಲಿಥೋಪೋನ್ ಅನ್ನುವ ಹಳೇ ಕಾಲದ ಬಿಳಿ ಪೇಂಟಿನ ಪುಡಿ. ಒಟ್ಟಿನಲ್ಲಿ ಇದು ಯಾವ ಗುಟ್ಟಿನ ರಸವಿದ್ಯೆಯೂ ಅಲ್ಲ. ಪೇಂಟಿನ ಪುಡಿ, ಅಂಟು, ಹೊಟ್ಟು ಕಲಸಿದ ಗಟ್ಟಿ ಪುಟ್ಟಿ.

ಹಚ್ಚುವ ರೀತಿಯೂ ಮನೆ ಗೋಡೆಗೆ ಗಾರೆ ಹಾಕಿದ ಹಾಗೆಯೇ. ಮೊದಲು ಸುಮಾರು 5 ಮಿಲಿಮೀಟರ್ ದಪ್ಪಕ್ಕೆ ಒಂದು ಕೋಟ್. ಕರಣೆಯ ಅಂಚಿನಿಂದ ಅದರ ಮೇಲೆ ಚೌಕ ಚೌಕವಾಗಿ ಗೀರು. ನಾಲ್ಕು ಗಂಟೆ ಬಿಡುವುದು. ಆಮೇಲೆ ತೆಳ್ಳಗೆ ಎರಡನೇ ಕೋಟ್. ಅದು ಹಸಿ ಇರುವಾಗಲೇ ಲೋಹದ ಬಾಚಣಿಗೆಯಿಂದ ಬಾಚಿ ಸಾಲು ಸಾಲು ಏಣು ಎಬ್ಬಿಸುವುದು. ನಮ್ಮ ಮೇಸ್ತ್ರಿಗಳು ಮೊದಲ ಕೋಟನ್ನು ಗೀರಿ ಒರಟು ಮಾಡುತ್ತಾರಲ್ಲ, ಮೇಲಿನದು ಹಿಡಿಯಲಿ ಅಂತ? ಆ ಚೌಕದ ಗೀರನ್ನು ನೋಡಿದರೆ ನನಗೆ ಅದೇ ನೆನಪಾಗುತ್ತದೆ.

ಒಣಗಿಸೋದು ದೊಡ್ಡ ತಲೆನೋವು. ಗಾಳಿಗೆ ಬಿಟ್ಟರೆ ದಿನಗಟ್ಟಲೆ ಬೇಕು. ಯುದ್ಧದ ನಡುವೆ ಅಷ್ಟು ದಿನ ಟ್ಯಾಂಕನ್ನು ಶೆಡ್ಡಿನಲ್ಲಿ ನಿಲ್ಲಿಸುವವರು ಯಾರು? ಅದಕ್ಕೆ ಬ್ಲೋ ಲ್ಯಾಂಪ್ ಹಿಡಿದು, ಜ್ವಾಲೆಯನ್ನು ಮೈಮೇಲೆ ಆಡಿಸಿ ಗಟ್ಟಿ ಮಾಡುತ್ತಿದ್ದರು. ಒಂದು ಟೈಗರ್ ಟ್ಯಾಂಕಿಗೆ ಸುಮಾರು 200 ಕೆ.ಜಿ. ಲೇಪ ಹಿಡಿಯುತ್ತಿತ್ತು. ಟೈಗರಿನ ತೂಕವೇ 57 ಟನ್ ಆಸುಪಾಸು ಇರುವಾಗ ಈ ಭಾರ ಲೆಕ್ಕಕ್ಕಿಲ್ಲ. ಭಾರವಾದದ್ದು ಸಮಯ. ಎರಡು ಕೋಟ್, ನಡುವೆ ಕಾಯುವುದು, ಬಾಚುವುದು, ಸುಡುವುದು. ಅದೂ ಪ್ರತಿಯೊಂದು ಟ್ಯಾಂಕಿಗೂ, ಪೂರ್ತಿ ಕೈಕೆಲಸ.

ಎಲ್ಲ ಕಡೆಗೂ ಬಳಿಯುತ್ತಿರಲಿಲ್ಲ. ನೆಲದ ಮೇಲೆ ನಿಂತ ಮನುಷ್ಯನ ಕೈಗೆ ಎಟುಕುವ ನೆಟ್ಟನೆಯ, ಇಳಿಜಾರಿನ ತಗಡುಗಳಿಗೆ ಮುಖ್ಯವಾಗಿ ಹಚ್ಚುತ್ತಿದ್ದರು. ಮಟ್ಟಸವಾದ ಮೇಲ್ಭಾಗವನ್ನು ಸಾಮಾನ್ಯವಾಗಿ ಬಿಡುತ್ತಿದ್ದರು. ಅದು ಸರಿಯೇ. ಮೇಲೆ ಇಟ್ಟ ಮೈನಿಗೆ ಮ್ಯಾಗ್ನೆಟ್ ಯಾಕೆ ಬೇಕು? ಸುಮ್ನೆ ಕೂತಿರುತ್ತದೆ.

ಒಂದೊಂದು ಕಾರ್ಖಾನೆಯ ಕೈ ಒಂದೊಂದು ಥರ. ಕೆಲವರದು ಅಡ್ಡ ಏಣಿನ ಸಾಲು. ಬರ್ಲಿನ್ನಿನ ಒಂದು ಕಾರ್ಖಾನೆಯ ತೋಪುಗಾಡಿಗಳ ಮೇಲೆ ಬಿಸ್ಕತ್ತಿನ ಹಾಗೆ ಚೌಕಳಿ. ಇವತ್ತು ಹಳೇ ಫೋಟೋ ನೋಡಿ ಈ ಗಾಡಿ ಎಲ್ಲಿ ತಯಾರಾದದ್ದು ಅಂತ ಹೇಳುವವರಿಗೆ ಈ ಬಾಚಣಿಗೆಯ ಗುರುತೇ ದಾರಿ. ಟ್ಯಾಂಕಿನ ಸಣ್ಣ ಮಾದರಿ ಮಾಡುವ ಹವ್ಯಾಸಿಗಳು ಪುಟ್ಟಿ ಬಳಿದು ಇದನ್ನೇ ಗಂಟೆಗಟ್ಟಲೆ ಬಾಚುತ್ತಾ ಕೂರುತ್ತಾರೆ. ಅಸಲಿಯಲ್ಲೇ ಗೆರೆ ನೆಟ್ಟಗಿರಲಿಲ್ಲ ಅನ್ನೋದು ಅವರಿಗೊಂದು ಸಮಾಧಾನ.

ಕೆಲಸ ಮಾಡಿದ್ದು ದೂರ

ಇದನ್ನು 'ಮ್ಯಾಗ್ನೆಟ್ ನಿರೋಧಕ' ಲೇಪ ಅನ್ನುತ್ತಾರೆ. ಹೆಸರು ಕೇಳಿದರೆ ಲೇಪವೇ ಆಯಸ್ಕಾಂತದ ಶಕ್ತಿಯನ್ನು ತಡೆಯುತ್ತದೆ ಅನ್ನಿಸುತ್ತದೆ. ಹೊಸ ಹುಡುಗರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರೆ. ಬೇರಿಯಂ ಸಲ್ಫೇಟಿಗೂ ಹೊಟ್ಟಿಗೂ ಅಂಥ ಗುಣ ಯಾವುದೂ ಇಲ್ಲ. ಆಯಸ್ಕಾಂತದ ಪಾಲಿಗೆ ಅವು ಗಾಳಿಯ ಹಾಗೆ.

ನಾನು ಹುಡುಗರಿಗೆ ತೋರಿಸೋದು ಹೀಗೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಗಟ್ಟಿ ಮ್ಯಾಗ್ನೆಟ್ ತಗೊಳ್ಳಿ. ಬಾಗಿಲಿಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಡಿ. ಹಿಡಿದುಕೊಳ್ಳುತ್ತದೆ. ಎರಡು ಇಡಿ, ಮೂರು ಇಡಿ. ಇನ್ನೂ ಹಿಡಿದಿರುತ್ತದೆ, ಆದರೆ ಬೆರಳಿಂದ ತಳ್ಳಿದರೆ ಮೊದಲಿನಷ್ಟು ಹಟ ಮಾಡೋದಿಲ್ಲ. ಹೀಗೇ ಸೇರಿಸುತ್ತಾ ಹೋಗಿ. ಒಂದು ಹಂತದಲ್ಲಿ ಅದು ಫಟ್ಟಂತ ಕೆಳಗೆ ಬೀಳುವುದಿಲ್ಲ. ಕಾರ್ಡುಗಳ ಸಮೇತ ನಿಧಾನಕ್ಕೆ ಜಾರುತ್ತದೆ.

ಆ ಜಾರುವಿಕೆಯಲ್ಲೇ ಜಿಮ್ಮರಿಟ್ಟಿನ ಮರ್ಮ ಇರೋದು. ನೆಟ್ಟನೆಯ ಗೋಡೆಯ ಮೇಲೆ ಮೈನಿನ ಭಾರವನ್ನು ಹೊರುವುದು ಆಯಸ್ಕಾಂತದ ಎಳೆತವಲ್ಲ, ಆ ಎಳೆತದಿಂದ ಹುಟ್ಟುವ ಉಜ್ಜಾಟ. ಎಳೆತ ಒಂದಿಷ್ಟು ಇಳಿದರೆ ಸಾಕು, ಹಿಡಿತ ಸಡಿಲ. ಮೂರು ಕೆ.ಜಿ. ಭಾರ ಅದನ್ನು ಕೆಳಕ್ಕೆ ಎಳೆದುಬಿಡುತ್ತದೆ. ಆಯಸ್ಕಾಂತದ ಎಳೆತವೋ ಮೊದಲ ಕೆಲವು ಮಿಲಿಮೀಟರಿನಲ್ಲೇ ಭಾರೀ ವೇಗದಲ್ಲಿ ಇಳಿಯುತ್ತದೆ. ದಪ್ಪ ಲೇಪದಿಂದ ಒಂದಷ್ಟು ದೂರ, ಮೇಲಿನ ಏಣುಗಳಿಂದ ಇನ್ನೊಂದಷ್ಟು. ಏಣು ಇದ್ದಾಗ ಮ್ಯಾಗ್ನೆಟ್ ತಾಗುವುದು ತುದಿಗಳಿಗೆ ಮಾತ್ರ. ಕಡಿಮೆ ಪುಟ್ಟಿಯಲ್ಲಿ ಜಾಸ್ತಿ ದೂರ ಸಿಕ್ಕ ಹಾಗಾಯಿತು. ಬಾಚಣಿಗೆ ಅಂದಕ್ಕಲ್ಲ.

ಹಾಗಾಗಿ ಲೇಪ ತಾಂತ್ರಿಕವಾಗಿ ಸರಿಯಾಗಿತ್ತು ಅನ್ನೋದು ನನ್ನ ತೀರ್ಮಾನ. ಕೊಟ್ಟ ಸಮಸ್ಯೆಗೆ ಅಗ್ಗದ, ಸಿಗುವ ಸಾಮಾನಿನಿಂದ ಮಾಡಿದ ಜಾಣ ಉತ್ತರ. ಬರೀ ಪಾಕ, ದಪ್ಪ, ಹಿಡಿತ ನೋಡುವುದಾದರೆ ಪೇಂಟಿನವನಾಗಿ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆಮೇಲೆ ಏನಾಯಿತು

ಏನೂ ಆಗಲಿಲ್ಲ. ಅದೇ ಈ ಪ್ರಕರಣದ ತೊಡಕು.

ಸೋವಿಯತ್ ಸೇನೆ ಜರ್ಮನ್ನರ ಮೈನನ್ನು ನಕಲು ಮಾಡಿ ಲಕ್ಷಗಟ್ಟಲೆ ಹಂಚಲಿಲ್ಲ. ಬ್ರಿಟಿಷರ ಬಳಿ ಸಣ್ಣ ಮ್ಯಾಗ್ನೆಟ್ ಬಾಂಬುಗಳಿದ್ದವು. ಆದರೆ ಅವು ಗುಟ್ಟಾಗಿ ಹೋಗಿ ಯಂತ್ರ, ಗಾಡಿ ಹಾಳು ಮಾಡುವವರ ಸಾಮಾನು. ಬ್ರಿಟಿಷ್ ಮತ್ತು ಅಮೆರಿಕನ್ ಕಾಲಾಳುಗಳು ಟ್ಯಾಂಕಿನ ಮೇಲೆ ಬಳಸಿದ್ದು ಪಿಯಾಟ್, ಬಜೂಕಾ. ಎರಡೂ ದೂರದಿಂದ ಹಾರಿಸುವಂಥವು, ತಗುಲಿದ ಕೂಡಲೇ ಸಿಡಿಯುವಂಥವು. ಅವಕ್ಕೆ ಜಿಮ್ಮರಿಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಲೇಪ ಹಚ್ಚಿದ ಟ್ಯಾಂಕಿನ ಮೇಲೆ ಮ್ಯಾಗ್ನೆಟ್ ಮೈನ್ ದಾಳಿ ಆಗದಿದ್ದರೆ ಅದು ಲೇಪದ ಗೆಲುವೋ ಅಥವಾ ದಾಳಿಯೇ ಇರಲಿಲ್ಲವೋ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ಮನೆಗೆ ದೃಷ್ಟಿ ತಾಗಲಿಲ್ಲ ಅಂದ ಹಾಗೆ. ಇಂಥ ಕ್ರಮವನ್ನು ನಿಲ್ಲಿಸು ಅಂತ ಹೇಳೋಕೆ ಯಾರಿಗೂ ಧೈರ್ಯ ಬರೋದಿಲ್ಲ. ನಿಲ್ಲಿಸಿದ ಮಾರನೇ ದಿನ ಏನಾದರೂ ಆದರೆ?

ನಿಜವಾದ ತಿರುವು 1944ರ ಮೇ ತಿಂಗಳಲ್ಲಿ ಬಂತು. ಆಗ ಜರ್ಮನಿ ತನ್ನದೇ ಮ್ಯಾಗ್ನೆಟ್ ಮೈನನ್ನು ಬದಿಗೆ ಸರಿಸಿತು. ಅದರ ಜಾಗಕ್ಕೆ ಪಾಂಜರ್‌ಫೌಸ್ಟ್ ಬಂದಿತ್ತು. ಒಬ್ಬನೇ ಹೆಗಲಿಗೋ ಕಂಕುಳಿಗೋ ಆನಿಸಿ ಹಾರಿಸಿ, ಖಾಲಿ ಕೊಳವೆಯನ್ನು ಬಿಸಾಡುವ ಆಯುಧ. ಟ್ಯಾಂಕನ್ನು ಮುಟ್ಟಬೇಕಾಗಿಲ್ಲ. ಮ್ಯಾಗ್ನೆಟ್ ಅಂಟಿಸಲು ಓಡುವುದು ಹುಚ್ಚುತನ ಅಂತ ಜರ್ಮನ್ ಸೇನೆಯೇ ಒಪ್ಪಿಕೊಂಡ ಹಾಗಾಯಿತು.

ನಾವು ಮಾಡಿದ್ದನ್ನು ಅವರೂ ಮಾಡುತ್ತಾರೆ ಅನ್ನೋದರ ಮೇಲೆ ಈ ಲೇಪ ನಿಂತಿತ್ತು. ನಾವೇ ಅದನ್ನು ಬಿಟ್ಟಮೇಲೆ ಲೇಪವನ್ನೂ ಆ ದಿನವೇ ಪ್ರಶ್ನಿಸಬೇಕಿತ್ತು. ಕಾರ್ಖಾನೆಗಳಲ್ಲಿ ಬಾಚಣಿಗೆ ನಿಲ್ಲಲಿಲ್ಲ. ಜೂನ್ ಬಂತು, ನಾರ್ಮಂಡಿಯಲ್ಲಿ ಮಿತ್ರಸೇನೆ ಇಳಿಯಿತು. ಪೂರ್ವದಲ್ಲಿ ಬೆಲಾರುಸ್ ಕೈಬಿಟ್ಟಿತು. ಟ್ಯಾಂಕು ಸಾಲದು, ಇನ್ನೂ ಬೇಕು ಅಂತ ಎಲ್ಲ ಕಡೆಯಿಂದ ಕೂಗು. ಆ ಬೇಸಿಗೆ ಪೂರ್ತಿ ಪ್ರತಿ ಟ್ಯಾಂಕೂ ಎರಡು ಕೋಟ್ ಗಾರೆಗಾಗಿ ಕಾಯುತ್ತಾ ನಿಂತಿತ್ತು. ಅಸಲಿ ಕಾರಣ ಹೋದಮೇಲೂ ನಾಲ್ಕು ತಿಂಗಳು.

ನಿಂತದ್ದು ಯಾಕೆ ಅಂತ ಕೇಳಿದರೆ ಇನ್ನೂ ಸ್ವಾರಸ್ಯ. ಗುಂಡು ತಾಗಿದರೆ ಜಿಮ್ಮರಿಟ್ಟಿಗೆ ಬೆಂಕಿ ಹತ್ತುತ್ತದೆ ಅಂತ ಒಂದು ಸುದ್ದಿ ಹಬ್ಬಿತು. ಹೊಟ್ಟು, ರಾಳದಂಥ ಅಂಟು, ಮೇಲೆ ಬ್ಲೋ ಲ್ಯಾಂಪಿನ ಜ್ವಾಲೆ. ಇದನ್ನೆಲ್ಲ ಕಣ್ಣಾರೆ ಕಂಡವರಿಗೆ ನಂಬೋಕೆ ಕಷ್ಟವೇನಿಲ್ಲ ಅಂತ ನನಗನ್ನಿಸುತ್ತದೆ. 1944ರ ಸೆಪ್ಟೆಂಬರ್ 9ರಂದು ಕಾರ್ಖಾನೆಗಳಲ್ಲಿ ಹಚ್ಚುವುದನ್ನು ನಿಲ್ಲಿಸಿ ಅಂತ ಆದೇಶ ಬಂತು. ಅಕ್ಟೋಬರ್ 7ಕ್ಕೆ ಕ್ಷೇತ್ರದಲ್ಲಿರುವ ಘಟಕಗಳಿಗೂ ಬಂತು. ಬೆಂಕಿಯ ಮಾತು ಸುಳ್ಳು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೂ ನಿಲ್ಲಿಸಿದ ಆದೇಶವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ.

ನನಗೆ ಈ ಪ್ರಕರಣ ಇಷ್ಟವಾಗಿರೋದೇ ಈ ಕಾರಣಕ್ಕೆ. ಲೇಪ ಶುರುವಾದದ್ದು ಒಂದು ಊಹೆಯಿಂದ, ನಿಂತದ್ದು ಒಂದು ಗಾಳಿಸುದ್ದಿಯಿಂದ. ನಡುವೆ ಒಂದು ವರ್ಷ ಅದು ನಿಜವಾಗಿ ಬೇಕಾ ಅಂತ ಲೆಕ್ಕ ಹಾಕಿ ಯಾರೂ ತೀರ್ಮಾನಿಸಲಿಲ್ಲ. ತಪ್ಪು ಕಾರಣಕ್ಕೆ ಸರಿಯಾದ ಕೆಲಸ ಆಯಿತು. ಬೆಂಕಿಯ ಸುದ್ದಿ ಸುಳ್ಳು ಅಂತ ಗೊತ್ತಾದಮೇಲೆ ಲೇಪ ವಾಪಸ್ ಬರಲಿಲ್ಲ ಅಂದರೆ ಏನರ್ಥ? ಅದಿಲ್ಲದೆ ಟ್ಯಾಂಕು ಬೇಗ ಹೊರಗೆ ಹೋಗುತ್ತಿದೆ, ಅದಿಲ್ಲದ್ದರಿಂದ ಕೆಟ್ಟದ್ದೇನೂ ಆಗುತ್ತಿಲ್ಲ ಅಂತ ಎಲ್ಲರಿಗೂ ಕಾಣಿಸಿತ್ತು. ಇದು ನನ್ನ ಊಹೆ, ಒಪ್ಪಿಕೊಳ್ಳುತ್ತೇನೆ.

ಬ್ರಿಟಿಷರೂ ಸಿಕ್ಕಿದ ಟ್ಯಾಂಕಿನ ಲೇಪವನ್ನು ಕೆರೆದು ನೋಡಿದರು. ನಮಗೂ ಇದು ಬೇಕಾ ಅಂತ ಪ್ರಯೋಗ ಮಾಡಿದರು. ಬೇಡ ಅಂತ ಬಿಟ್ಟರು.

ಪಕ್ಕಕ್ಕಿಟ್ಟು ನೋಡಲು ಎರಡು

ಒಂದೇ ಪ್ರಕರಣ ನೋಡಿ ತೀರ್ಪು ಕೊಟ್ಟರೆ ಅನ್ಯಾಯ. ಅದಕ್ಕೆ ಹುಡುಗರ ಮುಂದೆ ಇನ್ನೆರಡನ್ನು ಇಡುತ್ತೇನೆ.

ಮೊದಲನೆಯದು ಅದೇ ಸೇನೆ, ಅದೇ ವರ್ಷದ್ದು. 1943ರಲ್ಲಿ ಜರ್ಮನ್ ಟ್ಯಾಂಕುಗಳ ಪಕ್ಕಕ್ಕೆ ತೆಳು ತಗಡಿನ ಲಂಗದಂಥ ಮರೆ ಕಟ್ಟಿದರು. ಸೋವಿಯತ್ ಸೈನಿಕರ 14.5 ಮಿಲಿಮೀಟರ್ ಬಂದೂಕು ಪಕ್ಕದ ತೆಳು ತಗಡನ್ನು ತೂತು ಮಾಡುತ್ತಿತ್ತು. ಅದು ಆಗಲೇ ಆಗುತ್ತಿದ್ದ ಹಾನಿ, ಊಹೆಯಲ್ಲ. ಆ ಬಂದೂಕಿನಿಂದಲೇ ಹೊಡೆದು ಪರೀಕ್ಷೆ ಮಾಡಿದರು, ತಡೆಯುತ್ತದೆ ಅಂತ ಗೊತ್ತಾದಮೇಲೆ ತಗುಲಿಸಿದರು. ಒಂದೇ ಇಲಾಖೆಗೆ ಎರಡೂ ರೀತಿ ಬರುತ್ತಿತ್ತು ಅನ್ನೋದನ್ನು ಗಮನಿಸಿ.

ಎರಡನೆಯದು ಪೆಸಿಫಿಕ್ ಸಾಗರದ ದ್ವೀಪಗಳದ್ದು. ಅಲ್ಲಿ ಜಪಾನಿಯರ ಬಳಿ ಮ್ಯಾಗ್ನೆಟ್ ಮೈನ್ ನಿಜವಾಗಿಯೂ ಇತ್ತು, ಅವರು ಅದನ್ನು ಹಿಡಿದು ಟ್ಯಾಂಕಿನ ಹತ್ತಿರ ಬರುತ್ತಲೂ ಇದ್ದರು. ಅಮೆರಿಕದ ಮರೀನ್ ಟ್ಯಾಂಕ್ ಸಿಬ್ಬಂದಿ ರಾಸಾಯನಿಕ ಕಂಪನಿಯ ಹತ್ತಿರ ಹೋಗಲಿಲ್ಲ. ಶರ್ಮನ್ ಟ್ಯಾಂಕಿನ ಪಕ್ಕಗಳಿಗೆ ಮರದ ಹಲಗೆ ಹೊಡೆದರು. ಕೆಲವರು ಹಲಗೆಗೂ ಉಕ್ಕಿಗೂ ನಡುವೆ ಕಾಂಕ್ರೀಟ್ ಸುರಿದರು. 1945ರ ಇವೋ ಜಿಮಾ ಕಾದಾಟದ ಫೋಟೋಗಳಲ್ಲಿ ಆ ಹಲಗೆಗಳು ಚೆನ್ನಾಗಿ ಕಾಣುತ್ತವೆ. ತತ್ವ ಅದೇ: ಆಯಸ್ಕಾಂತವನ್ನು ಉಕ್ಕಿನಿಂದ ದೂರ ಇಡು. ಇಲ್ಲಿ ಬೇಡಿಕೆ ಬಂದದ್ದು ಪೆಟ್ಟು ತಿಂದವರಿಂದ. ಪೆಟ್ಟು ಬೀಳದ ಕಡೆ ಹಲಗೆ ಬಿಚ್ಚೋಕೆ ಒಂದು ಸುತ್ತಿಗೆ ಸಾಕು.

ಇದನ್ನು ಹೇಳಿದಾಗ ಒಬ್ಬ ಹುಡುಗ ಕೇಳಿದ: "ಸರ್, ಹಾಗಾದ್ರೆ ಪೆಟ್ಟು ಬೀಳೋ ತನಕ ಕಾಯ್ಬೇಕಾ?"

ಒಳ್ಳೆ ಪ್ರಶ್ನೆ. ಇಲ್ಲ ಅಂದೆ. 1943ರಲ್ಲಿ ಹಚ್ಚಿದ್ದನ್ನು ನಾನು ತಪ್ಪು ಅನ್ನೋದಿಲ್ಲ. ಮೈನು ಸರಳ, ಎದುರಾಳಿಯ ಕೈಗೆ ಸಿಕ್ಕಿರುತ್ತದೆ, ಟ್ಯಾಂಕು ದುಬಾರಿ. ಮೊದಲ ಕೆಲವು ತಿಂಗಳು ಹಚ್ಚಿ ನೋಡೋದು ಜಾಣತನವೇ. ತಪ್ಪಿದ್ದು ಅಲ್ಲಲ್ಲ. ಕ್ಷೇತ್ರದಿಂದ ವಾಪಸ್ ಬಂದ, ಪೆಟ್ಟು ತಿಂದ ಟ್ಯಾಂಕುಗಳು ರಿಪೇರಿ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಯಾವ ಆಯುಧ ತಾಗಿದೆ ಅನ್ನೋದು ತೂತು ನೋಡಿದರೇ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಆ ತೂತುಗಳನ್ನು ಎಣಿಸಿ, ಹಚ್ಚುವ ಆದೇಶದ ಪಕ್ಕದಲ್ಲಿಟ್ಟು ಓದಿದ್ದರೆ ಬೆಂಕಿಯ ಸುದ್ದಿಗಾಗಿ ಕಾಯಬೇಕಿರಲಿಲ್ಲ.

ನಮ್ಮ ಶಾಪಿನಲ್ಲೂ ಇಂಥದ್ದೊಂದು ಆಗಿತ್ತು, ಅದಕ್ಕೇ ಇಷ್ಟು ಮಾತು. ಒಬ್ಬ ಗಿರಾಕಿ ಒಂದು ಬ್ರಾಕೆಟ್ಟಿನ ಮೇಲೆ ತುಕ್ಕಿನ ಚುಕ್ಕೆ ಇದೆ ಅಂತ ಮಾಲು ವಾಪಸ್ ಕಳಿಸಿದರು. ಅವತ್ತಿಂದ ಪ್ರೈಮರ್ ಹಚ್ಚುವ ಮುಂಚೆ ಥಿನ್ನರಿನಲ್ಲಿ ಇನ್ನೊಂದು ಸಲ ಒರೆಸಬೇಕು ಅಂತ ಆಯಿತು. ತುಕ್ಕಿಗೆ ಕಾರಣ ಪ್ಯಾಕಿಂಗಿನ ಒದ್ದೆ ರಟ್ಟು ಅಂತ ಆಮೇಲೆ ಗೊತ್ತಾಗಿ, ರಟ್ಟು ಬದಲಾಯಿತು. ಒರೆಸೋದು ಮಾತ್ರ ನಡೆದೇ ಇತ್ತು. ಎರಡು ವರ್ಷ ಆದಮೇಲೆ ಒಬ್ಬಳು ಟ್ರೈನಿ ಯಾಕೆ ಒರೆಸುತ್ತೀವಿ ಅಂತ ಕೇಳಿದಳು. ಶುರುಮಾಡಿಸಿದ ಸೂಪರ್‌ವೈಸರ್ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಉಳಿದ ನಮಗ್ಯಾರಿಗೂ ಉತ್ತರ ಗೊತ್ತಿರಲಿಲ್ಲ. ನನಗೂ. ಈಗ ಜಾಬ್ ಕಾರ್ಡಿನಲ್ಲಿ ಹೆಚ್ಚುವರಿ ಕೆಲಸ ಬರೆಯುವಾಗ ಕಾರಣವನ್ನೂ, ಮತ್ತೆ ನೋಡಬೇಕಾದ ತಾರೀಕನ್ನೂ ಬರೆಯುತ್ತೇವೆ. ತಾರೀಕು ಬಂದಾಗ ನೋಡುತ್ತೇವಾ? ಅರ್ಧ ಸಲ.

ಉಳಿದ ಗುರುತು

ಲೇಪ ಹಚ್ಚಿದ್ದು ಒಂದು ವರ್ಷದ ಆಸುಪಾಸು ಮಾತ್ರ. ಹಾಗಾಗಿ ಅದು ಈಗ ಕ್ಯಾಲೆಂಡರಿನ ಕೆಲಸ ಮಾಡುತ್ತಿದೆ. 1943ರ ಜುಲೈನ ಕುರ್ಸ್ಕ್ ಕಾದಾಟದ ಫೋಟೋದಲ್ಲಿ ಜರ್ಮನ್ ಟ್ಯಾಂಕುಗಳ ಮೈ ನುಣುಪು. ಅಲ್ಲಿ ಕಾದಾಡಿದ ಫರ್ಡಿನಾಂಡ್ ಎಂಬ ಭಾರೀ ತೋಪುಗಾಡಿಗಳಲ್ಲಿ ಉಳಿದವನ್ನು ಕಾರ್ಖಾನೆಗೆ ತಂದು ದುರಸ್ತಿ ಮಾಡಿದರು. ಮುಂಭಾಗಕ್ಕೆ ಮಶೀನ್ ಗನ್ ಕೂರಿಸಿ, ಮೈಗೆ ಜಿಮ್ಮರಿಟ್ ಬಳಿದು, 1944ರಲ್ಲಿ ಕೆಲವನ್ನು ಇಟಲಿಗೆ ಕಳಿಸಿದರು. ಒಂದೇ ಗಾಡಿಯ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಅನ್ನಿಸುತ್ತದೆ. ಅದೇ ವರ್ಷದ ಡಿಸೆಂಬರಿನ ಆರ್ಡೆನ್ ಕಾದಾಟದ ಹೊತ್ತಿಗೆ ನುಣುಪು ಮೈಯ ಕಿಂಗ್ ಟೈಗರೂ (ಟೈಗರ್ ಆದಮೇಲೆ ಬಂದ ಇನ್ನೂ ಭಾರದ ಟ್ಯಾಂಕು), ಏಣು ಮೈಯ ಕಿಂಗ್ ಟೈಗರೂ ಒಂದೇ ಸಾಲಿನಲ್ಲಿ ಹೋಗುತ್ತಿದ್ದವು. ಸೆಪ್ಟೆಂಬರಿಗೆ ಮುಂಚೆ ಹುಟ್ಟಿದ್ದು ಯಾವುದು, ಆಮೇಲಿನದು ಯಾವುದು ಅಂತ ಮೈ ನೋಡಿದರೆ ಸಾಕು.

ಫ್ರಾನ್ಸಿನ ಸೊಮ್ಯೂರ್ ಊರಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಒಂದು ಕಿಂಗ್ ಟೈಗರ್ ಇದೆ. ಇವತ್ತಿಗೂ ಎಂಜಿನ್ ಶುರುವಾಗುತ್ತದೆ, ಓಡುತ್ತದೆ. ಅದರ ಮೈಮೇಲೆ ಜಿಮ್ಮರಿಟ್ ಇನ್ನೂ ಇದೆ. ಎಂಬತ್ತು ವರ್ಷದ ಹಿಂದೆ ಅವಸರದಲ್ಲಿ ಕರಣೆಯಿಂದ ಹಚ್ಚಿ ಬ್ಲೋ ಲ್ಯಾಂಪಿನಲ್ಲಿ ಒಣಗಿಸಿದ ಪುಟ್ಟಿ. ನಾನು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ನೋಡಿದಾಗಲೆಲ್ಲ ಕಣ್ಣು ಮೊದಲು ಹೋಗುವುದು ಅಂಚುಗಳ ಕಡೆಗೆ. ನಮ್ಮ ಕೋಟಿಂಗ್ ಎಲ್ಲಾದರೂ ಏಳುವುದಾದರೆ ಮೊದಲು ಅಂಚಿನಲ್ಲೇ ಏಳುತ್ತದೆ.